ಊರಿನಿಂದ ತರಿಸಿದ ಬೌಲರ್

ಕುವೈತಿನಲ್ಲಿ ನಮ್ಮ ಕರಾವಳಿಯ ಹನ್ನೊಂದು ಜನ ಸೇರಿದರೆ ಒಂದು ಕ್ರಿಕೆಟ್ ತಂಡವಾಗುತ್ತದೆ. ಹನ್ನೆರಡನೆಯವನು ಬಂದ ಕೂಡಲೇ ಅವನನ್ನು ಕಳಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನಾನು ಇಲ್ಲಿಗೆ ಬಂದ ಮೇಲೆ ಈ ಪ್ರಶ್ನೆ ಏಳದ ಒಂದು ಚಳಿಗಾಲವನ್ನೂ ಕಂಡಿಲ್ಲ. ಬೇಸಿಗೆಯಲ್ಲಿ ಮಾತ್ರ ಸಂಶಯಪಡಲು ಸೆಕೆ ಬಿಡುವುದಿಲ್ಲ.

ಇಲ್ಲಿರುವುದು ಒಂದೇ ಚಳಿಗಾಲದ ಕತೆ, ಒಬ್ಬನೇ ಮನುಷ್ಯನದು. ಆಗ ನಮ್ಮ ಕೈಗೆ ಮೊಬೈಲ್ ಬಂದಿತ್ತು, ಮೊಬೈಲಿನೊಳಗೆ ವಿಡಿಯೋ ಬಂದಿರಲಿಲ್ಲ. ಬಂದಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ.

ವೀಸಾ

ಅಬು ಹಲೀಫಾದಲ್ಲಿದ್ದ ನಮ್ಮ ಕಂಪನಿಯಲ್ಲಿ ಸ್ಟೋರು ನನ್ನ ಕೈಕೆಳಗಿತ್ತು. ಡ್ರೈವರುಗಳನ್ನು ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್ ನಮ್ಮ ಕ್ರಿಕೆಟ್ ತಂಡದ ಕ್ಯಾಪ್ಟನ್. ಮನೆಮಾತು ಕೊಂಕಣಿ, ಸಿಟ್ಟು ಬಂದರೆ ತುಳು. ನಮ್ಮ ಕಫೀಲ್, ಅಂದರೆ ನಮ್ಮೆಲ್ಲರ ವೀಸಾಕ್ಕೆ ಹೊಣೆಯಾಗಿದ್ದ ಕುವೈತಿ ಧಣಿ, ಕ್ರಿಕೆಟ್ ನೋಡಿದವರೇ ಅಲ್ಲ. ಆದರೆ ಅವರ ಚಿಕ್ಕಪ್ಪನ ಮಗನಿಗೆ ಸಲ್ವಾದಲ್ಲಿ ಒಂದು ಕಂಪನಿ ಇತ್ತು. ಅದರ ತಂಡ ಪ್ರತಿವರ್ಷ ಕಪ್ ಗೆಲ್ಲುತ್ತಿತ್ತು. ಆ ಕಪ್ಪನ್ನು ಆತ ಅತಿಥಿಗಳ ಕೋಣೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ಇಟ್ಟಿದ್ದ. ನಮ್ಮ ಕಫೀಲ್ ಅಲ್ಲಿ ಚಹಾ ಕುಡಿಯಲು ಹೋದರೆ ಕಪ್ಪಿಗೆ ಬೆನ್ನು ಹಾಕಿ ಕೂರುತ್ತಿದ್ದರಂತೆ.

ಕ್ಯಾಪ್ಟನ್ ಇದನ್ನು ತಿಳಿದುಕೊಂಡರು. ಊರಿನಲ್ಲಿದ್ದ ಅವರ ಭಾವ ಒಂದು ಫೋಟೋ ಕಳಿಸಿದ್ದರು. ಅದರಲ್ಲಿ ಒಬ್ಬ ಸಪೂರದ ಮನುಷ್ಯ, ಪಕ್ಕದಲ್ಲಿ ಅವನ ಸೊಂಟದವರೆಗೆ ಬರುವ ಕಪ್, ಹಿಂದಿನ ಬ್ಯಾನರಿನಲ್ಲಿ 'ಉತ್ತಮ ಎಸೆತಗಾರ' ಎಂಬ ಅಕ್ಷರ. ಕಫೀಲ್ ಮನುಷ್ಯನನ್ನು ನೋಡಲಿಲ್ಲ, ಕಪ್ ನೋಡಿದರು.

"ಕರೆಸು. ಈ ಟೂರ್ನಮೆಂಟಿನಲ್ಲಿ ನಾನೇ ಬಂದು ನೋಡುತ್ತೇನೆ. ಒಳ್ಳೆಯವನಾದರೆ ಇರಲಿ. ಇಲ್ಲದಿದ್ದರೆ ಖಲಾಸ್, ಇಕಾಮಾ ಕ್ಯಾನ್ಸಲ್, ವಿಮಾನ." ಇಕಾಮಾ ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ.

ಹೀಗೆ ಸ್ಟೋರ್‌ಕೀಪರ್ ವೀಸಾದಲ್ಲಿ ಬೌಲರ್ ಬಂದ. ಊರಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್. ಆ ವರ್ಷವೇ ಮದುವೆಯಾಗಿತ್ತು. ಅವನು ಬಿಟ್ಟ ಮರುದಿನವೇ ಬಸ್ಸಿನ ಧಣಿ ಚೀಲವನ್ನು ಬೇರೊಬ್ಬನ ಹೆಗಲಿಗೆ ಹಾಕಿದ್ದರು. ಹಿಂದೆ ಹೋದರೆ ನಿಲ್ಲಲು ಅವನಿಗೆ ಫುಟ್‌ಬೋರ್ಡೂ ಇರಲಿಲ್ಲ.

ಸ್ಟೋರಿಗೆ ಬಂದು ನನ್ನನ್ನು ಕೇಳಿದ: "ಅಣ್ಣ, ಇಲ್ಲಿ ನಾನು ಎಂತ ಮಾಡ್ಬೇಕು?"

"ವಾರ ಇಡೀ ಹೆಚ್ಚೇನಿಲ್ಲ. ಶುಕ್ರವಾರ ಬಾಲ್ ಹಾಕಬೇಕು."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಅಷ್ಟೇಯಾ? ಇದ್ರಲ್ಲಿ ಎಂತದೋ ಮೋಸ ಉಂಟು."

ಆ ಚಳಿಗಾಲದ ಮೊದಲ ಸಂಶಯ ಅವನದೇ.

ರೈಟ್, ಪೋಯಿ!

ನಮ್ಮ ಮೈದಾನ ಎಂದರೆ ಮರಳು, ನಡುವೆ ಸಿಮೆಂಟಿನ ಪಿಚ್ಚು, ಆಚೆ ರಸ್ತೆ, ರಸ್ತೆಯ ಆಚೆ ಸಮುದ್ರ. ಮೊದಲ ಶುಕ್ರವಾರ ಬೌಲರ್ ಶಿಲುಬೆಯ ಗುರುತು ಮಾಡಿ ಓಡಿ ಬಂದು ಹಾಕಿದ ಮೊದಲ ಚೆಂಡು ಸ್ಕ್ವೇರ್ ಲೆಗ್ಗಿನಲ್ಲಿ ನಿಂತಿದ್ದ ನನ್ನ ಕೈಗೆ ನೇರವಾಗಿ ಬಂತು. ಬ್ಯಾಟ್ಸ್‌ಮನ್ ನನಗೆ ಥ್ಯಾಂಕ್ಸ್ ಹೇಳಿದ. ಆಮೇಲಿನವು ಪಿಚ್ಚಿನ ಮೇಲೆ ಬಿದ್ದವು, ಅದು ಇನ್ನೂ ಕೆಟ್ಟದ್ದಾಯಿತು. ಒಂದೊಂದೂ ರಸ್ತೆ ಸೇರಿತು.

ಅಷ್ಟಾದರೂ ಕ್ಷಮಿಸಬಹುದಿತ್ತು. ಚೆಂಡು ತಲೆಯ ಮೇಲೆ ಹಾರಿ ಹೋಗುವಾಗ ಅವನು ಅಭ್ಯಾಸಬಲದಿಂದ ಕೈ ಎತ್ತಿ "ರೈಟ್, ಪೋಯಿ!" ಎನ್ನುತ್ತಿದ್ದ. ಬಸ್ಸು ಹೊರಡಿಸುವ ಕೂಗು.

ಆಟ ಮುಗಿದ ಮೇಲೆ ನಾವು ಸೇರುತ್ತಿದ್ದುದು ಬಕಾಲದಲ್ಲಿ, ಅಂದರೆ ಮೂಲೆಯ ಕಿರಾಣಿ ಅಂಗಡಿಯಲ್ಲಿ. ಅಂಗಡಿಯವರು ಬ್ಯಾರಿ, ಎಲ್ಲರಿಗೂ ಭಾಯಿ. ಆಡುತ್ತಿರಲಿಲ್ಲ, ಆದರೆ ಅವರ ಅಭಿಪ್ರಾಯವಿಲ್ಲದೆ ತಂಡದಲ್ಲಿ ಯಾರೂ ಉಳಿಯುತ್ತಿರಲಿಲ್ಲ.

"ಇವನನ್ನು ತರಿಸ್ಲಿಕ್ಕೆ ಇತ್ತಾ ಕ್ಯಾಪ್ಟನ್? ಊರಿಂದ ಇಷ್ಟು ದೂರ?"

"ಹೊಸ ಜಾಗ ಭಾಯಿ. ಸೆಟ್ ಆಗ್ಬೇಕು."

"ಸೆಟ್ ಆಗಿಯೇ ಬಂದಿದ್ದಾನೆ ಅಂತ ನಾನು ಹೇಳುದು. ಹೊಡೆಸಿಕೊಳ್ಳುವವರು ಬೇಜಾರು ಮಾಡ್ತಾರೆ. ಇವ ಪರ್ಮಿಷನ್ ಕೊಡ್ತಾನೆ!"

ಕಿವಿಯ ಮಚ್ಚೆ

ಎರಡನೇ ಶುಕ್ರವಾರವೂ ಹಾಗೇ ಆದ ಮೇಲೆ ಫೋಟೋದಲ್ಲಿರುವವನು ಇವನೇ ಹೌದೋ ಎಂಬ ಪ್ರಶ್ನೆ ಹುಟ್ಟಿತು. ಅಣ್ಣನ ಹೆಸರಿನಲ್ಲಿ ತಮ್ಮ ಬಂದಿರಬಹುದು. ಅವಳಿ ಇದ್ದರೆ ಕೇಳುವುದೇ ಬೇಡ.

ಭಾಯಿ ಬಿಸ್ಕಿಟ್ ಪ್ಯಾಕೇಟಿನ ತಾರೀಕು ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ತೆಗೆದರು. ಕ್ಯಾಪ್ಟನ್ ಮತ್ತು ಅವರು ಫೋಟೋದ ಮೇಲೆ ಬಗ್ಗಿದರು. ಎಡಗಿವಿಯ ಕೆಳಗೆ ಒಂದು ಮಚ್ಚೆ ಸಿಕ್ಕಿತು. ಭಾಯಿ ಅದನ್ನು ಉಗುರಿನಿಂದ ಕೆರೆದು ನೋಡಿದರು. ಹೋಗಲಿಲ್ಲ.

ಬೌಲರನ್ನು ಚಹಾಕ್ಕೆ ಕರೆಸಿದರು. ಅವನು ಸಕ್ಕರೆ ಕಲಕುತ್ತಿದ್ದಾಗ ಭಾಯಿ ಹಿಂದಿನಿಂದ ಬಂದು ಭೂತಗನ್ನಡಿಯನ್ನು ಕಿವಿಗೆ ಹಿಡಿದರು.

"ಎಂತ ಭಾಯಿ?"

"ಎಂತದಿಲ್ಲ. ನೊಣ ಇತ್ತು. ಯಾವ ಜಾತಿಯದ್ದು ಅಂತ ನೋಡಿದೆ."

ಮಚ್ಚೆ ಇತ್ತು. ಅದೇ ಜಾಗದಲ್ಲಿ, ಅದೇ ಗಾತ್ರದಲ್ಲಿ. ಬೌಲರ್ ಹೋದ ಮೇಲೆ ಕ್ಯಾಪ್ಟನ್ ನಿಟ್ಟುಸಿರು ಬಿಟ್ಟರು. "ನೋಡಿದ್ರಾ? ಮನುಷ್ಯ ಅವನೇ."

ಭಾಯಿ ಫೋಟೋವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ಹೇಳಿದರು: "ಮನುಷ್ಯ ಅವನೇ. ಕಪ್ ಬೇರೆಯವರದ್ದು."

ಸಲ್ವಾದ ಬಸ್ಸು

ಆಮೇಲೆ ಒಂದು ಗಂಭೀರ ಸುದ್ದಿ ಬಂತು. ಬೌಲರ್ ಶುಕ್ರವಾರ ಆಟ ಮುಗಿಸಿ ಸಲ್ವಾದ ಬಸ್ಸು ಹತ್ತುವುದನ್ನು ನಮ್ಮ ವಿಕೆಟ್ ಕೀಪರ್ ನೋಡಿದ್ದ. ಸಲ್ವಾ ಎಂದರೆ ಕಫೀಲರ ದಾಯಾದಿಯ ತಂಡ. ಎಲ್ಲವೂ ಸ್ಪಷ್ಟವಾಯಿತು. ಅವನನ್ನು ಅವರು ಕೊಂಡುಕೊಂಡಿದ್ದಾರೆ.

ಹಿಂದೆ ಹೋಗಿ ನೋಡಲು ನನ್ನನ್ನು ಆರಿಸಿದರು. "ನೀವು ಮಾತಾಡುವವರಲ್ಲ. ಎಲ್ಲಿ ನಿಂತರೂ ಯಾರಿಗೂ ಗೊತ್ತಾಗುದಿಲ್ಲ" ಎಂದರು ಕ್ಯಾಪ್ಟನ್. ಇದನ್ನು ಹೊಗಳಿಕೆ ಎಂದೇ ತಿಳಿದು ಹೋದೆ.

ಬೌಲರ್ ಇಳಿದು ಒಂದು ದೊಡ್ಡ ಮನೆಯ ಹಿಂಬಾಗಿಲಿಗೆ ಹೋದ. ನಾನು ಎದುರಿನ ಗೋಡೆಯ ಬಳಿ ಪೇಪರು ಬಿಡಿಸಿ ನಿಂತೆ. ಬಾಗಿಲು ತೆರೆದು ಒಬ್ಬ ಹೆಂಗಸು ಹೊರಗೆ ಬಂದು ಅವನ ಕೈಗೆ ಒಂದು ಡಬ್ಬಿ ಕೊಟ್ಟರು. ನಂತರ ನೇರವಾಗಿ ನನ್ನತ್ತ ನಡೆದು ಬಂದರು.

"ಯಾರು ನೀವು? ಆಗದಿಂದ ನೋಡ್ತಾ ಇದ್ದೇನೆ. ಪೇಪರ್ ತಲೆಕೆಳಗೆ ಹಿಡಿದಿದ್ದೀರಿ."

ಪೇಪರು ಅರಬ್ಬಿಯದು. ನನಗೆ ಗೊತ್ತಾಗಿರಲಿಲ್ಲ. ಬೇರೆ ದಾರಿಯಿಲ್ಲದೆ, "ಇವನ ಕಂಪನಿಯವನು" ಎಂದೆ.

"ಓ, ಕಂಪನಿಯವರಾ! ಮದುವೆಯಾದ ಹುಡುಗನನ್ನು ಕರ್ಕೊಂಡು ಬಂದು ಹೀಗೆ ಸಪೂರ ಮಾಡಿದ್ದೀರಲ್ಲ, ನಾಚಿಕೆ ಇಲ್ವಾ? ನಾನು ಇವನ ಚಿಕ್ಕಮ್ಮ. ಈ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುದು. ವಾರಕ್ಕೊಮ್ಮೆ ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ ಕೊಡ್ತೇನೆ. ಅದಕ್ಕೂ ಕಾವಲಾ?"

ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಒಳಗೆ ಹೋಗಿ ಇನ್ನೊಂದು ಡಬ್ಬಿ ತಂದರು. "ನೀವೂ ತಿಂದ ಹಾಗೆ ಕಾಣುದಿಲ್ಲ."

ಬಸ್‌ಸ್ಟಾಪಿನಲ್ಲಿ ನಾನೂ ಬೌಲರೂ ಪಕ್ಕಪಕ್ಕ ಕೂತು ಊಟ ಮಾಡಿದೆವು. ನಾನೇಕೆ ಅಲ್ಲಿಗೆ ಬಂದೆ ಎಂದು ಅವನು ಕೇಳಲಿಲ್ಲ. ಒಮ್ಮೆ ಮಾತ್ರ, "ನನ್ನನ್ನು ವಾಪಸ್ ಕಳಿಸ್ತಾರಾ ಅಣ್ಣ?" ಎಂದ. "ಗೊತ್ತಿಲ್ಲ" ಎಂದೆ. ಚಟ್ನಿ ಚೆನ್ನಾಗಿತ್ತು.

ಬಕಾಲಕ್ಕೆ ಬಂದು ವರದಿ ಒಪ್ಪಿಸಿದೆ: "ಏನೂ ಇಲ್ಲ. ಒಳ್ಳೆಯವನು."

ಭಾಯಿ ಗಾಳಿ ಮೂಸಿದರು. ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ತಂದರು. ನಂತರ ಕ್ಯಾಪ್ಟನ್ ಕಡೆ ತಿರುಗಿ ಕರುಣೆಯಿಂದ ಹೇಳಿದರು:

"ಇವರನ್ನೂ ಕೊಂಡುಕೊಂಡಿದ್ದಾರೆ."

ಡಾಕ್ಟರರ ಪ್ರಶ್ನೆ

ಟೂರ್ನಮೆಂಟಿನ ಕೊನೆಯ ಆಟ ಸಲ್ವಾದವರ ವಿರುದ್ಧ. ಕಫೀಲ್ ಅಂದು ಬರುತ್ತೇನೆ ಎಂದಿದ್ದರು. ಕ್ಯಾಪ್ಟನ್ ಸಪ್ಪಗಾದರು. ಬೌಲರನ್ನು ಊರಿಗೆ ವಾಪಸ್ ಕಳಿಸಿದರೆ, ಅವನನ್ನು ತರಿಸಿದವರ ಮಾತಿಗೆ ಕಂಪನಿಯಲ್ಲಿ ಇನ್ನು ಬೆಲೆ ಇರುವುದಿಲ್ಲ.

ಕ್ಯಾಪ್ಟನ್ ಹೆಂಡತಿ ಒಂದು ಆಸ್ಪತ್ರೆಯಲ್ಲಿ ನರ್ಸ್. "ಅವನ ಕೈಯಲ್ಲಿ ಹಳೇ ಪೆಟ್ಟೇನಾದ್ರೂ ಇರ್ಬಹುದು. ಡಾಕ್ಟ್ರಿಗೆ ತೋರಿಸುವ" ಎಂದರು. ಗಂಡ ಹೆಂಡತಿ, ಬೌಲರ್, ನಾನು, ನಾಲ್ವರೂ ಹೋದೆವು. ಮೂಳೆಯ ಡಾಕ್ಟರ್ ಈಜಿಪ್ಟಿನವರು, ಬಹಳ ಸಮಾಧಾನಿ.

"ಏನು ತೊಂದರೆ?"

"ವಿಕೆಟ್ ಬರುತ್ತಿಲ್ಲ" ಎಂದರು ಕ್ಯಾಪ್ಟನ್ ಇಂಗ್ಲಿಷಿನಲ್ಲಿ.

ಡಾಕ್ಟರ್ ಬರೆದುಕೊಂಡರು. "ನೋವು ಬರುವಾಗಲೋ, ಬರದಿದ್ದಾಗಲೋ?"

"ಬರದಿದ್ದಾಗ. ಆದರೆ ನೋವು ಇವನಿಗಲ್ಲ ಡಾಕ್ಟರ್, ಇವರಿಗೆ" ಎಂದು ನರ್ಸ್ ಗಂಡನನ್ನು ತೋರಿಸಿದರು.

ಡಾಕ್ಟರ್ ತೋಳು ಎಳೆದು, ತಿರುಗಿಸಿ, ತಟ್ಟಿ ನೋಡಿದರು. ದೋಷವಿರಲಿಲ್ಲ. "ಇಲ್ಲಿಗೆ ಬರುವ ಮೊದಲು, ಎಲ್ಲ ಸರಿಯಾಗಿದ್ದಾಗ, ಹೇಗೆ ಎಸೆಯುತ್ತಿದ್ದೆ? ತೋರಿಸು" ಎಂದರು.

ಬೌಲರ್ ಮೇಜಿನ ಮೇಲಿದ್ದ ಬ್ಯಾಂಡೇಜಿನ ಉಂಡೆ ತೆಗೆದುಕೊಂಡ. ಎರಡು ಹೆಜ್ಜೆ ಬಂದ. ಸೊಂಟ ಬಗ್ಗಿಸಿ, ತೋಳನ್ನು ಮೊಣಕಾಲಿನ ಪಕ್ಕದಿಂದ ಬೀಸಿ, ಮಣಿಕಟ್ಟು ತಿರುಗಿಸಿ ಬಿಟ್ಟ. ಉಂಡೆ ನೆಲದಲ್ಲಿ ಒಮ್ಮೆ ಪುಟಿದು, ಹಾವಿನಂತೆ ತಿರುಗಿ, ಬಾಗಿಲ ಬಳಿಯ ಕಸದ ಡಬ್ಬಿಯೊಳಗೆ ಬಿತ್ತು. ಅಷ್ಟು ಚಂದದ ಎಸೆತವನ್ನು ನಾನು ಕುವೈತಿನಲ್ಲಿ ಬೇರೆ ನೋಡಿಲ್ಲ.

ಕ್ಯಾಪ್ಟನ್ ಮೆಲ್ಲನೆ ಕುರ್ಚಿಯಲ್ಲಿ ಕೂತರು. "ಅಂಡರ್ ಆರ್ಮಾ?"

ನಮ್ಮ ಊರಕಡೆ ಅಂಡರ್ ಆರ್ಮ್ ಕ್ರಿಕೆಟ್ಟಿಗೇ ಬೇರೆ ಟೂರ್ನಮೆಂಟು, ಬೇರೆ ಕಪ್ಪು, ಬೇರೆ ಶೂರರು. ಕೈ ಭುಜದ ಮೇಲೆ ಏಳುವ ಹಾಗಿಲ್ಲ. ಕುವೈತಿನ ನಮ್ಮ ಟೂರ್ನಮೆಂಟಿನಲ್ಲಿ ಹಾಗೆ ಹಾಕಿದರೆ ನೋಬಾಲ್. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಕೇಳಿರಲಿಲ್ಲ.

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ ನಿನಗೆ?"

"ನೀವು ಕೇಳ್ಲಿಲ್ಲ ಕ್ಯಾಪ್ಟನ್. ಸ್ಟೋರ್‌ಕೀಪರ್ ವೀಸಾ ಬಂತು. ನಾನು ಸ್ಟೋರೂ ನೋಡಿದವನಲ್ಲ. ಎರಡನ್ನೂ ಇಲ್ಲಿ ಬಂದು ಕಲಿತರಾಯ್ತು ಅಂತ ಬಂದೆ."

ಡಾಕ್ಟರ್ ಮುಲಾಮು ಬರೆದುಕೊಟ್ಟರು. ಕ್ಯಾಪ್ಟನ್‌ಗೆ.

ರಿಲೀಸ್

ಕೊನೆಯ ಆಟದ ದಿನ ಇಬ್ಬರು ದಾಯಾದಿಗಳೂ ಬಂದರು. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ, ಎರಡು ಕುರ್ಚಿ ಹಾಕಿ, ನಡುವೆ ಚಹಾದ ಫ್ಲಾಸ್ಕ್ ಇಟ್ಟುಕೊಂಡು ಕೂತರು. ಕ್ಯಾಪ್ಟನ್ ಬೌಲರನ್ನು ಅತ್ತ ದೂರದ ಬೌಂಡರಿಯಲ್ಲಿ ಅಡಗಿಸಿದ್ದರು. ಕಫೀಲ್ ಕೂಗಿದರು: "ನನ್ನವನೆಲ್ಲಿ? ಅವನಿಗೆ ಕೊಡು!"

ಕೊಡದೆ ದಾರಿಯಿರಲಿಲ್ಲ. ಚೆಂಡು ಕೊಡುವಾಗ ಕ್ಯಾಪ್ಟನ್ ಅವನ ಹೆಗಲು ತಟ್ಟಿದರು, ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವ ಹಾಗೆ.

ಮೊದಲ ಚೆಂಡು ರಸ್ತೆ ದಾಟಿತು. ನಾನು ಕಫೀಲರತ್ತ ನೋಡುವ ಧೈರ್ಯ ಮಾಡಲಿಲ್ಲ. ಚಪ್ಪಾಳೆ ಕೇಳಿ ತಿರುಗಿದೆ. ಅವರು ಎದ್ದು ನಿಂತಿದ್ದರು.

"ನೋಡಿದೆಯಾ?" ಎಂದು ದಾಯಾದಿಯ ಭುಜ ಅಲುಗಿಸುತ್ತಿದ್ದರು. "ನಿನ್ನವರು ಎಸೆದರೆ ಚೆಂಡು ಅಲ್ಲೇ ಬೀಳುತ್ತದೆ. ನನ್ನವನು ಎಸೆದರೆ ಸಮುದ್ರ!"

ಮುಂದಿನದೂ ಸಮುದ್ರದ ಕಡೆಗೇ ಹೋಯಿತು. ಕಫೀಲ್ ಕುಣಿಯುವುದೊಂದು ಬಾಕಿ. ಅದರ ನಂತರ ನಮ್ಮ ಇನ್ನೊಬ್ಬ ಬೌಲರ್ ಬಂದು ಒಂದು ಒಳ್ಳೆಯ ವಿಕೆಟ್ ತೆಗೆದ. ಕಫೀಲರಿಗೆ ಸಿಟ್ಟು ಬಂತು. "ಏನಿದು? ಚೆಂಡು ಹಿಂದೆ ಹೋಗಿ ಕೋಲಿಗೆ ತಾಗಿತು. ಅವನನ್ನು ತೆಗೆ!"

ಸೋತೆವು. ಕಫೀಲ್ ಬೌಲರನ್ನು ಅಪ್ಪಿಕೊಂಡು, ಉಳಿದ ಹತ್ತು ಜನರನ್ನು ಬೈದು ಹೋದರು. ಕ್ಯಾಪ್ಟನ್ ಬಾಯಿ ತೆರೆದಿದ್ದರು. ಹೆಂಡತಿ ದೂರದಿಂದ ಬೆರಳು ತುಟಿಗಿಟ್ಟದ್ದು ಕಂಡು ಮುಚ್ಚಿದರು.

ಮರುದಿನ ದಾಯಾದಿಯ ಫೋನ್ ಬಂತು. ಆ ಬೌಲರ್ ತನಗೆ ಬೇಕು, ರಿಲೀಸ್ ಕೊಡು, ಅಂದರೆ ಅವನ ವೀಸಾವನ್ನು ತನ್ನ ಕಂಪನಿಗೆ ಬಿಟ್ಟುಕೊಡು. ಕಫೀಲ್ ಕ್ಯಾಪ್ಟನ್ ಅವರನ್ನು ಕರೆಸಿದರು. "ಚಿಕ್ಕಂದಿನಿಂದ ಹಾಗೆಯೇ ಅವನು. ನನ್ನ ಹತ್ತಿರ ಒಳ್ಳೆಯದು ಏನಿದ್ದರೂ ಅವನಿಗೆ ಬೇಕು. ಕೊಡುವುದಿಲ್ಲ. ಇಕಾಮಾ ಮುಂದುವರಿಸು. ಹೆಂಡತಿಗೂ ವೀಸಾ ನೋಡು."

ಬೌಲರ್ ಸ್ಟೋರಿನಲ್ಲಿ ನಟ್ಟುಬೋಲ್ಟುಗಳ ರಾಶಿಯ ನಡುವೆ ಕೂತು ಸ್ವಲ್ಪ ಅತ್ತ. ಆಮೇಲೆ ಊರಿಗೆ ಫೋನ್ ಮಾಡಿದ.

ಬಕಾಲದಲ್ಲಿ ಮಾತ್ರ ಸಂತೋಷವಿರಲಿಲ್ಲ. ಕ್ಯಾಪ್ಟನ್ ಚಹಾ ಮುಟ್ಟದೆ ಕೂತಿದ್ದರು.

"ಭಾಯಿ, ದಾಯಾದಿ ಸಾಹೇಬ್ರಿಗೆ ಕ್ರಿಕೆಟ್ ಗೊತ್ತಿಲ್ಲ, ಒಪ್ಪುವ. ಸಲ್ವಾದ ಕ್ಯಾಪ್ಟನ್‌ಗೆ ಗೊತ್ತುಂಟಲ್ಲ? ಅವನು ಯಾಕೆ ಬೇಡ ಅನ್ಲಿಲ್ಲ?"

"ಅದೇ ನಾನೂ ಯೋಚಿಸುದು. ಇವನಲ್ಲಿ ಎಂತದೋ ಉಂಟು. ನಮ್ಗೆ ತೋರಿಸ್ತಾ ಇಲ್ಲ."

"ಆದ್ರೆ ಅವನು ಅಂಡರ್ ಆರ್ಮ್ ಅಲ್ವಾ?"

ಭಾಯಿ ಹೊರಗೆ ಒಮ್ಮೆ ಇಣುಕಿ, ಬಾಗಿಲು ಎಳೆದು, ದನಿ ತಗ್ಗಿಸಿದರು.

"ಅಂಡರ್ ಆರ್ಮ್ ಅಂತ ನಮ್ಗೆ ಹೇಳಿದ್ದು ಯಾರು ಕ್ಯಾಪ್ಟನ್? ಅವನೇ ಅಲ್ವಾ?"