ನಿಲ್ಲಿ ಎಂದೆ, ನಿಂತರು

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಒಂದು ಲೆಕ್ಕವೇ ಅಲ್ಲ ಎಂದು ನಾವಿಬ್ಬರೂ ಪ್ರಾಮಾಣಿಕವಾಗಿ ನಂಬಿದ್ದೆವು. ಇಬ್ಬರು ಎಂದರೆ ನಾನು ಮತ್ತು ನನ್ನ ಗಂಡ. ಇವರು, ಹೊರದೇಶದ ಕಂಪ್ಯೂಟರ್ ಪರಿಣತರಿಗಾಗಿ ಜರ್ಮನಿ ತಂದಿದ್ದ ಗ್ರೀನ್ ಕಾರ್ಡ್ ಯೋಜನೆಯಲ್ಲಿ ಬಂದ ಸಾಫ್ಟ್‌ವೇರ್ ಎಂಜಿನಿಯರ್, ಡ್ಯೂಸೆಲ್ಡಾರ್ಫಿನಲ್ಲಿ ಕೆಲಸ. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಇವರ ವೀಸಾದ ಬಾಲಂಗೋಚಿಯಾಗಿ ಬಂದವಳು. ಬಂದ ಹೊಸದರಲ್ಲಿ ನನಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಮನೆಯ ಕಸವನ್ನು ಹಳದಿ, ನೀಲಿ, ಕಂದು, ಕಪ್ಪು ಡಬ್ಬಗಳಿಗೆ ತಪ್ಪಿಲ್ಲದೆ ವಿಂಗಡಿಸುವುದರಲ್ಲಿ ನನ್ನ ಪದವಿ ಸಾರ್ಥಕವಾಗುತ್ತಿತ್ತು.

ಹೀಗಿರುವಾಗ ಇವರ ಆಫೀಸಿನ ಟೋರ್ಸ್ಟನ್ ಎಂಬಾತ, ನಮ್ಮ ಊರಿನ ಬೇಸ್‌ಬಾಲ್ ತಂಡಕ್ಕೆ ಜನ ಸಾಲದಾಗಿದೆ, ಬರುತ್ತೀಯಾ ಎಂದು ಕೇಳಿದ. ನಮ್ಮ ಊರು ಎಂದರೆ ಡ್ಯೂಸೆಲ್ಡಾರ್ಫಿನಿಂದ ಎಸ್-ಬಾನ್ ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಸಿಗುವ, ಫುಟ್‌ಬಾಲಿಗಾಗಿಯೇ ಉಸಿರಾಡುವ ಊರು. ಅಲ್ಲಿ ಬೇಸ್‌ಬಾಲ್ ಆಡುವವರನ್ನು ಜನ ಕನಿಕರದಿಂದ ನೋಡುತ್ತಿದ್ದರು. ನಾವು ಆ ಕನಿಕರವನ್ನು ಗೌರವ ಎಂದುಕೊಂಡೆವು.

"ಇದೇನೂ ಕಷ್ಟ ಇಲ್ಲ ಕಣೆ. ಕ್ರಿಕೆಟ್ಟೇ, ಸ್ವಲ್ಪ ಕೆಟ್ಟಿದೆ ಅಷ್ಟೆ," ಎಂದರು ಇವರು.

ಆಟ ನಿಜಕ್ಕೂ ಸರಳವಾಗಿ ಕಂಡಿತು. ಒಬ್ಬ ಎಸೆಯುತ್ತಾನೆ, ಒಬ್ಬ ಹೊಡೆಯುತ್ತಾನೆ, ಹೊಡೆದವನು ಓಡುತ್ತಾನೆ. ಮೈದಾನದ ನಾಲ್ಕು ಮೂಲೆಗಳಲ್ಲಿ ಬೇಸ್ ಎಂಬ ಗುರುತುಗಳು. ಒಂದೊಂದನ್ನೇ ಮುಟ್ಟುತ್ತ ಸುತ್ತು ಹಾಕಿ, ಹೊರಟಲ್ಲಿಗೇ ಬಂದರೆ ಒಂದು ರನ್. ಹೊರಟ ಜಾಗಕ್ಕೆ ಅವರು ಮನೆ ಎನ್ನುತ್ತಾರೆ. ಮೂವರು ಔಟಾದರೆ ಸರದಿ ಮುಗಿಯಿತು. ಇದರಲ್ಲಿ ತಪ್ಪು ಮಾಡಲು ಜಾಗವೆಲ್ಲಿದೆ?

ಜಾಗವಿತ್ತು. ಮೊದಲ ಪಂದ್ಯದಲ್ಲಿ ಇವರು ಚೆಂಡನ್ನು ಚೆನ್ನಾಗಿಯೇ ಹೊಡೆದರು. ಹೊಡೆದು, ಬ್ಯಾಟಿಗೆ ಒರಗಿ, ರನ್ ಇದೆಯೋ ಇಲ್ಲವೋ ಎಂದು ಯೋಚಿಸುತ್ತ ನಿಂತರು. ಕ್ರಿಕೆಟ್ಟಿನಲ್ಲಿ ಓಡುವುದು ಬಿಡುವುದು ನಮ್ಮ ಇಷ್ಟ. ಇಲ್ಲಿ ಓಡಲೇಬೇಕು. ಯೋಚನೆ ಮುಗಿಯುವ ಮೊದಲೇ ಔಟಾಗಿದ್ದರು. ಮುಂದಿನ ವಾರ ಓಡಿದರು, ಆದರೆ ಬ್ಯಾಟನ್ನು ಕೈಯಲ್ಲೇ ಹಿಡಿದು. ಮೊದಲ ಬೇಸ್ ಹತ್ತಿರವಾದಾಗ ನೆಲಕ್ಕೆ ಬಾಗಿ, ಬ್ಯಾಟಿನ ತುದಿಯನ್ನು ಬೇಸಿಗೆ ಮುಟ್ಟಿಸಿ, ತಾವು ಹಿಂದೆಯೇ ಉಳಿದರು. ಅಂಪೈರ್ ಔಟ್ ಎಂದಾಗ, ಬ್ಯಾಟು ಗೆರೆ ದಾಟಿತ್ತು ಎಂದು ಇಂಗ್ಲಿಷಿನಲ್ಲಿ ವಾದ ಮಾಡಿದರು. ಅಂಪೈರು ಯಾವ ಗೆರೆ ಎಂದು ಕೇಳಿದ. ಬೇಸಿನ ಮುಂದೆ ದಾಟಬೇಕಾದ ಗೆರೆಯೇ ಇರಲಿಲ್ಲ.

ಆದರೂ ತಂಡದಲ್ಲಿ ಇವರೇನೂ ಎದ್ದು ಕಾಣುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಉಳಿದವರ ಸಹಕಾರವಿತ್ತು. ಮೇಲೆ ಹೋದ ಚೆಂಡು ಕೆಳಗೆ ಬಂದೇ ಬರುತ್ತದೆ ಎಂಬುದು ನಮ್ಮ ಆಟಗಾರರಿಗೆ ಪ್ರತಿ ಸಲವೂ ಹೊಸ ಸುದ್ದಿಯಾಗಿತ್ತು. ಇಬ್ಬರ ನಡುವೆ ಚೆಂಡು ಬಂದರೆ, ನೀವು ಹಿಡಿಯಿರಿ, ಇಲ್ಲ ನೀವೇ ಹಿಡಿಯಿರಿ ಎಂದು ಉಪಚಾರ ಮಾಡುವವರಂತೆ ನಿಲ್ಲುತ್ತಿದ್ದರು. ಎರಡನೇ ಬೇಸಿಗೆ ಎಸೆಯಬೇಕಾದದ್ದನ್ನು ಮೂರನೆಯದಕ್ಕೆ ಎಸೆಯುತ್ತಿದ್ದರು. ಅಲ್ಲಿದ್ದವನು ಬೂಟಿನ ದಾರ ಕಟ್ಟಿಕೊಳ್ಳುತ್ತಿರುತ್ತಿದ್ದ. ಎದುರಾಳಿಗಳೂ ಇಂಥವರೇ ಆದ್ದರಿಂದ ಪಂದ್ಯಗಳು ಎಷ್ಟೋ ಹೊತ್ತು ನಡೆಯುತ್ತಿದ್ದವು. ಸೋಲು ಮಾತ್ರ ನಿಯಮಿತವಾಗಿ ನಮ್ಮದೇ.

ನೋಡಲು ಬರುತ್ತಿದ್ದ ಕಾಯಂ ಅಭಿಮಾನಿಗಳು ಇಬ್ಬರು: ನಾನು, ಮತ್ತು ನಾಯಿ ಕರೆದುಕೊಂಡು ಬರುತ್ತಿದ್ದ ಹೆರ್ ಲೆಂಟ್ಸ್ ಎಂಬ ನಿವೃತ್ತರು. ಆಟಗಾರರು ಒಂದೇ ಕೈ ಚಾಚಿ ಚೆಂಡು ಬಿಟ್ಟಾಗಲೆಲ್ಲ ಅವರು "ಬೈಡೆ ಹೆಂಡೆ" ಎಂದು ನರಳುತ್ತಿದ್ದರು. ಎರಡೂ ಕೈ ಎಂದರ್ಥ. ಮೊದಲಿನವರು ಎರಡೂ ಕೈ ಸೇರಿಸಿ ಹಿಡಿಯುತ್ತಿದ್ದರಂತೆ. ಈಗಿನವರಿಗೆ ಬುನಾದಿಯೇ ಇಲ್ಲ, ಎಲ್ಲರಿಗೂ ದೊಡ್ಡ ಹೊಡೆತ ಬೇಕು, ಚೆಂಡು ಹಿಡಿಯುವುದು ಯಾರಿಗೂ ಬೇಡ ಎಂದು ಪ್ರತಿ ಭಾನುವಾರ ಹೇಳುತ್ತಿದ್ದರು. ನನ್ನ ಜರ್ಮನ್ ಅಷ್ಟಕ್ಕಷ್ಟೇ ಆದರೂ ಈ ಮಾತು ಪೂರ್ತಿ ಅರ್ಥವಾಗುತ್ತಿತ್ತು. ನಮ್ಮ ಸಂಗೀತದ ಮೇಷ್ಟ್ರು ಇದನ್ನೇ ಕನ್ನಡದಲ್ಲಿ ಹೇಳುತ್ತಿದ್ದರು. ಸರಳೆ ಶ್ರುತಿಗೆ ಸೇರುವುದಿಲ್ಲ, ಆಗಲೇ ಕೀರ್ತನೆ ಬೇಕಂತೆ ಇವಕ್ಕೆ, ಎಂದು. ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತು, ನಡುವೆ ನಾಯಿಯನ್ನಿಟ್ಟುಕೊಂಡು, ಒಂದೇ ದುಃಖ ಅನುಭವಿಸುತ್ತಿದ್ದೆವು.

ಆ ಬೆಂಚು ನನಗೆ ಎಷ್ಟು ಮುಖ್ಯವಾಗಿತ್ತು ಎಂದು ಯಾರಿಗೂ ಹೇಳಿರಲಿಲ್ಲ. ವಾರದ ಉಳಿದ ದಿನ ನಾನು ಮನೆಯಲ್ಲಿ ಮೌನವಾಗಿರುತ್ತಿದ್ದೆ. ಭಾನುವಾರ ಜನರ ನಡುವೆ ಮೌನವಾಗಿರುತ್ತಿದ್ದೆ. ವ್ಯತ್ಯಾಸ ದೊಡ್ಡದು. ಹಾಗಾಗಿ, ಈ ವರ್ಷ ಲೀಗಿನಿಂದ ಕೆಳಗೆ ಬಿದ್ದರೆ ತಂಡ ಉಳಿಯುವುದಿಲ್ಲ, ಪಕ್ಕದ ಊರಿನವರ ಜೊತೆ ಸೇರಿಸಬೇಕಾಗುತ್ತದೆ, ಆಗ ಯಾರಿಗೆ ಜಾಗ ಸಿಗುತ್ತದೋ ಯಾರಿಗಿಲ್ಲವೋ ಎಂದು ಕೋಚ್ ಕ್ಲೌಸ್ ಹೇಳಿದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇವರಿಗೆ ಜಾಗ ಸಿಗುವುದಿಲ್ಲವೆಂದು ಗೊತ್ತೇ ಇತ್ತು. ಇವರಿಲ್ಲದೆ ನನಗೆಲ್ಲಿಯ ಬೆಂಚು?

ನಾನು ಲೈಬ್ರರಿಯಿಂದ ಬೇಸ್‌ಬಾಲ್ ನಿಯಮಗಳ ಪುಸ್ತಕ ತಂದೆ. ಓದಲು ಏನಾದರೂ ಸಿಕ್ಕಿತಲ್ಲ ಎಂಬ ಹಸಿವಿನಲ್ಲಿ ಪೂರ್ತಿ ಓದಿದೆ. ಇವರ ಮೂಲ ರೋಗ ಸಿಕ್ಕಿತು. ಕ್ರಿಕೆಟ್ಟಿನಲ್ಲಿ ಚೆಂಡು ಮೇಲಕ್ಕೆ ಹೋದರೆ, ಅದು ಕೆಳಗೆ ಬರುವಷ್ಟರಲ್ಲಿ ಇಬ್ಬರೂ ಓಡಿ ಜಾಗ ಬದಲಿಸುವುದು ರೂಢಿ. ಬೇಸ್‌ಬಾಲಿನಲ್ಲಿ ಇದು ಆತ್ಮಹತ್ಯೆ. ಬೇಸಿನಲ್ಲಿ ಇರುವವನು ಚೆಂಡು ಮೇಲಿದ್ದಾಗ ಅಲ್ಲೇ ನಿಂತು ಕಾಯಬೇಕು. ಮೊದಲೇ ಓಡಿದರೆ, ಆಚೆಯವರು ಚೆಂಡು ಹಿಡಿದು, ಇವನು ಬಿಟ್ಟುಬಂದ ಬೇಸಿಗೆ ಎಸೆದರೆ, ಹೊಡೆದವನ ಜೊತೆ ಇವನೂ ಔಟ್. ಇವರು ಈ ರೀತಿ ಹೊಡೆದವನ ಹಿಂದೆಯೇ ತಾವೂ ಔಟಾಗಿ ಬರುವುದು ವಾರದ ಪದ್ಧತಿಯಾಗಿತ್ತು.

ಮನೆಯಲ್ಲಿ ಪಾಠ ಶುರುವಾಯಿತು. ನಡುಮನೆಯ ಈ ಕಡೆಯ ಕಾಲೊರಸು ಮೊದಲ ಬೇಸ್, ಅಡುಗೆಮನೆ ಬಾಗಿಲಿನದು ಎರಡನೆಯದು. ಕಾಲುಚೀಲ ಸುತ್ತಿ ಮಾಡಿದ ಉಂಡೆ ಚೆಂಡು. ನಾನು ಅದನ್ನು ಮೇಲಕ್ಕೆಸೆದು "ನಿಲ್ಲಿ" ಎನ್ನಬೇಕು, ಅವರು ನಿಲ್ಲಬೇಕು. ನೆಲದಲ್ಲಿ ಉರುಳಿಸಿ "ಓಡಿ" ಎನ್ನಬೇಕು, ಓಡಬೇಕು. ಒಂದಿಡೀ ವಾರ ನಿಲ್ಲಿ ಎಂದಾಗ ಓಡಿದರು. ಕಿಟಕಿ ಹಾಕಿ ಎಂದರೂ ಹಾಕದ, ಬರುತ್ತ ಹಾಲು ತನ್ನಿ ಎಂದರೂ ತಾರದ ಮನುಷ್ಯ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಳಗಿನ ಮನೆಯ ಫ್ರಾವ್ ಬೆಕರ್ ಮೊದಲು ಪೊರಕೆ ಹಿಡಿಯಿಂದ ತಮ್ಮ ಛಾವಣಿಗೆ ಗುದ್ದಿದರು. ನಂತರ ತಾವೇ ಹತ್ತಿ ಬಂದು, ಇದು ರೂಎತ್ಸೈಟ್, ಅಂದರೆ ಸದ್ದು ಮಾಡಬಾರದ ವಿಶ್ರಾಂತಿ ಸಮಯ ಎಂದರು. ನನ್ನ ಗಂಡ ಮನೆ ಮುಟ್ಟಲು ಓಡುತ್ತಿದ್ದಾರೆ ಎಂದು ನಾನು ಇದ್ದಷ್ಟು ಜರ್ಮನಿನಲ್ಲಿ ವಿವರಿಸಿದೆ. ಅವರು ಒಳಗೆ ಇಣುಕಿ, ಆತ ಮನೆಯಲ್ಲೇ ಇದ್ದಾನಲ್ಲ ಎಂದರು.

ಫ್ರಾವ್ ಬೆಕರ್ ಅವರಿಗೆ ಹೆದರಿ ಪಾಠ ಮೊಟಕಾಯಿತು. ಒಂದು ಅಧ್ಯಾಯ ಉಳಿದೇಹೋಯಿತು: ಆಗಲೇ ಇಬ್ಬರು ಔಟಾಗಿದ್ದರೆ ಮಾತ್ರ ಚೆಂಡು ಮೇಲಿದ್ದರೂ ಓಡಬೇಕು. ಹಿಡಿದರೆ ಹೇಗೂ ಸರದಿ ಮುಗಿಯಿತು, ಬಿಟ್ಟರೆ ಲಾಭ. ಇದನ್ನು ಬಾಯಿಮಾತಿನಲ್ಲಿ ಹೇಳಿದೆ. ಹೂಂ ಎಂದರು. ಓಡಿಸಿ ನೋಡಲಿಲ್ಲ.

ನಾನು ನಿಯಮ ಬಲ್ಲವಳೆಂದು ಟೋರ್ಸ್ಟನ್ ಮೂಲಕ ಕ್ಲೌಸನಿಗೆ ತಿಳಿಯಿತು. ಕೊನೆಯ ಪಂದ್ಯದ ದಿನ ಅವನು ನನ್ನನ್ನು ಕರೆದು, ಮೊದಲ ಬೇಸಿನ ಪಕ್ಕ ನಿಂತು ನಿನ್ನ ಗಂಡನಿಗೆ ನಿಮ್ಮ ಭಾಷೆಯಲ್ಲೇ ಹೇಳು, ನಮ್ಮ ಮಾತು ಅವನ ತಲೆಗೆ ಹೋಗುತ್ತಿಲ್ಲ, ಹೆಂಡತಿ ಹೇಳಿದರೆ ಕೇಳುತ್ತಾನೆ ಎಂದ. ಇವನು ಅವಿವಾಹಿತ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಯಾರದೋ ದೊಗಳೆ ಜರ್ಸಿಯನ್ನು ಸ್ವೆಟರಿನ ಮೇಲೆ ತೊಟ್ಟು ಅಧಿಕಾರ ಸ್ವೀಕರಿಸಿದೆ. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಲೂ ಹಿಂಜರಿಯುವವಳು ನಾನು. ಆದರೆ ಇರುವುದು ಎರಡೇ ಪದ, ಎಂ.ಎಸ್ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದವಳಿಗೆ ಎರಡು ಪದ ಭಾರವೇ?

ಗೆದ್ದರೆ ಉಳಿವು, ಸೋತರೆ ಕೆಳಗೆ. ಕೊನೆಯ ಸರದಿ ನಮ್ಮದು, ಒಂದು ರನ್ ಹಿಂದಿದ್ದೆವು, ಇಬ್ಬರು ಔಟಾಗಿದ್ದರು. ಹೇಗೋ ಏನೋ ಮೂರು ಬೇಸುಗಳಲ್ಲೂ ನಮ್ಮವರೇ ನಿಂತಿದ್ದರು, ಮೊದಲ ಬೇಸಿನಲ್ಲಿ ಇವರು. ಒಬ್ಬ ಮನೆ ಮುಟ್ಟಿದರೆ ಸಮ, ಇಬ್ಬರು ಮುಟ್ಟಿದರೆ ಗೆಲುವು. ಟೋರ್ಸ್ಟನ್ ಬ್ಯಾಟು ಬೀಸಿದ. ಚೆಂಡು ಆಕಾಶಕ್ಕೆ ಹೋಯಿತು.

"ನಿಲ್ಲಿ!" ಎಂದು ಕೂಗಿದೆ.

ಆ ಧ್ವನಿ ನನ್ನೊಳಗೆ ಎಲ್ಲಿತ್ತೋ ನನಗೇ ಗೊತ್ತಿಲ್ಲ. ಹೆರ್ ಲೆಂಟ್ಸರ ನಾಯಿ ಕೂಡ ಕೂತುಬಿಟ್ಟಿತು. ಇಬ್ಬರು ಔಟಾಗಿರುವುದು, ಓಡಬೇಕಾದ್ದು, ಎಲ್ಲ ನನಗೆ ತಿಳಿದಿತ್ತು. ಆದರೆ ಕಾಲುಚೀಲದ ಉಂಡೆ ಮೇಲೆ ಹೋದಾಗಲೆಲ್ಲ ಹೇಳಿ ಹೇಳಿ ನಾಲಿಗೆಗೆ ಅದೇ ಅಭ್ಯಾಸವಾಗಿತ್ತು.

ಮತ್ತು ಇವರು ನಿಂತರು. ಮದುವೆಯಾದಂದಿನಿಂದ ನನ್ನ ಮಾತನ್ನು ಹೇಳಿದ ತಕ್ಷಣ ಕೇಳಿದ್ದು ಅದೇ ಮೊದಲು.

ಎದುರಾಳಿಯ ಆಟಗಾರ ಚೆಂಡಿನ ಕೆಳಗೆ ಬಂದು, ಒಂದೇ ಕೈ ಚಾಚಿ, ಬಿಟ್ಟ. ಬಿಡದೆ ಇನ್ನೇನು? ಆ ಲೀಗಿನಲ್ಲಿ ಯಾರಿಗೂ ಚೆಂಡು ಹಿಡಿಯಲು ಬರುವುದಿಲ್ಲ ಎಂದು ಇಡೀ ವರ್ಷ ಗೋಳಾಡಿದವಳು ನಾನು. ಅವರಲ್ಲೊಬ್ಬ ಹಿಡಿದೇ ಹಿಡಿಯುತ್ತಾನೆಂದು ನಾನು ಮನಸಾರೆ ನಂಬಿದ್ದು ಅದೊಂದು ಚೆಂಡನ್ನು!

ಮೂರನೇ ಬೇಸಿನವನು ಮನೆ ಮುಟ್ಟಿದ. ಎರಡನೆಯವನೂ ಮುಟ್ಟಿದ. ಕೇಕ್ ಮಾರುವ ಮೋನಿಕಾ ಮೇಜು ಬಿಟ್ಟು ಮೈದಾನಕ್ಕೆ ಓಡಿ ಬಂದಳು. ಕ್ಲೌಸ್ ಟೋಪಿ ಎಸೆದ. ಅಷ್ಟರಲ್ಲಿ ಟೋರ್ಸ್ಟನ್ ಏದುಸಿರು ಬಿಡುತ್ತ ಮೊದಲ ಬೇಸಿಗೆ ಬಂದು, ಅಲ್ಲಿ ಆಗಲೇ ನಿಂತಿದ್ದ ನನ್ನ ಗಂಡನನ್ನು ಕಂಡ. ಒಂದು ಬೇಸಿನಲ್ಲಿ ಇಬ್ಬರಿಗೆ ಜಾಗವಿಲ್ಲ. ಮುಂದಿದ್ದವರು ಎರಡನೇ ಬೇಸಿಗೆ ಹೋಗಲೇಬೇಕು. ಅವರಿಗಿಂತ ಮೊದಲು ಚೆಂಡು ಅಲ್ಲಿಗೆ ತಲುಪಿದರೆ ಮೂರನೆಯ ಔಟ್, ಮತ್ತು ಹಾಗೆ ಔಟಾದರೆ ಆಗ ಬಂದ ರನ್‌ಗಳು ಲೆಕ್ಕಕ್ಕಿಲ್ಲ. ಟೋರ್ಸ್ಟನ್ ಜರ್ಮನಿನಲ್ಲಿ ಕೂಗಿದ, ಇಂಗ್ಲಿಷಿನಲ್ಲಿ ಕೂಗಿದ, ಬೆನ್ನಿಗೆ ಕೈ ಕೊಟ್ಟು ತಳ್ಳಿದ. ಇವರು ಅಲುಗಲಿಲ್ಲ. ನನ್ನ ಕಡೆ ನೋಡಿದರು.

ಓಡಿ ಎನ್ನಬೇಕಿತ್ತು. ಎರಡಕ್ಷರ. ಬಾಯಿ ತೆರೆದೆ, ಬರಲಿಲ್ಲ. ಇದ್ದಬದ್ದ ಧ್ವನಿಯನ್ನೆಲ್ಲ ಮೊದಲ ಪದಕ್ಕೇ ಖರ್ಚು ಮಾಡಿಬಿಟ್ಟಿದ್ದೆ. ಎದುರಾಳಿ ಚೆಂಡನ್ನು ಹುಲ್ಲಿನಲ್ಲಿ ಹುಡುಕಿ, ಎತ್ತಿ, ಒರೆಸಿ, ಎರಡನೇ ಬೇಸಿಗೆ ಎಸೆದ. ಆ ವರ್ಷ ನಾನು ಕಂಡ, ಸರಿಯಾದ ಜಾಗಕ್ಕೆ ಹೋದ ಒಂದೇ ಎಸೆತ. ಅಲ್ಲಿದ್ದವನು ಎರಡೂ ಕೈ ಸೇರಿಸಿ ಹಿಡಿದ.

ಹೆರ್ ಲೆಂಟ್ಸ್ ತಮಗರಿವಿಲ್ಲದೆ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನನ್ನು ನೋಡಿ ನಿಲ್ಲಿಸಿದರು.

ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸಾಲಾಗಿ ಬಂದು ಕೈಕುಲುಕಿದರು. ಕ್ಲೌಸ್ ಟೋಪಿ ಹುಡುಕಿಕೊಂಡು ಹೋದವನು ಬಹಳ ಹೊತ್ತು ಬರಲಿಲ್ಲ. ಜರ್ಸಿ ಬಿಚ್ಚಿ ಮಡಿಸಿ ಮೋನಿಕಾಳ ಮೇಜಿನ ಮೇಲಿಟ್ಟು ಹೊರಟೆವು.

ದಾರಿಯಲ್ಲಿ ನಾನೇ ಕೇಳಿದೆ. "ಇಬ್ಬರು ಔಟಾಗಿದ್ದು ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕ್ರೀ ನಿಂತಿರಿ?"

"ನೀನು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳೇ ಇರಲಿಲ್ಲ. ಏನೋ ಕಾರಣ ಇರಬೇಕು ಅಂದ್ಕೊಂಡೆ."

ಅಂದಿನಿಂದ ಹಾಲು ತರದಿದ್ದರೂ, ಕಿಟಕಿ ಹಾಕದಿದ್ದರೂ ಇವರದು ಒಂದೇ ಸಮರ್ಥನೆ: ಒಂದು ಸಲ ಕೇಳಿದ್ದೆನಲ್ಲ.

ಮುಂದಿನ ವರ್ಷ ಎರಡೂ ಊರುಗಳ ತಂಡ ಒಂದಾಯಿತು. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂದು ಕ್ಲೌಸ್ ಎಲ್ಲರನ್ನೂ ಕೂರಿಸಿ ವಿಚಾರಿಸಿದ. ಹೇಳಿದ ಮಾತು ಕೇಳುವ ಆಟಗಾರ ಎಂದು ಇವರನ್ನು ಇಟ್ಟುಕೊಂಡರು. ನಿಲ್ಲು ಎಂದರೆ, ಹಿಂದಿನಿಂದ ತಳ್ಳಿದರೂ ನಿಲ್ಲುವವನಂತೆ. ನನ್ನನ್ನೂ ಕೈಬಿಡಲಿಲ್ಲ, ಕೇಕಿನ ಮೇಜಿಗೆ, ಮೋನಿಕಾಳ ಸಹಾಯಕಿಯಾಗಿ ಹಾಕಿದರು. ಆ ಮೇಜು ಮೈದಾನದ ಆಚೆ ತುದಿಯಲ್ಲಿ, ಪಾರ್ಕಿಂಗಿನ ಪಕ್ಕದಲ್ಲಿದೆ. ಅಲ್ಲಿಂದ ಎಷ್ಟು ಕೂಗಿದರೂ ಮೊದಲ ಬೇಸಿಗೆ ಕೇಳಿಸುವುದಿಲ್ಲ. ಕ್ಲೌಸ್ ಮೊದಲೇ ನಿಂತು ಕೂಗಿ, ಪರೀಕ್ಷಿಸಿ, ಆಮೇಲೆ ಜಾಗ ಗುರುತು ಮಾಡಿದನಂತೆ. ತಂಡ ಒಂದು ದರ್ಜೆ ಕೆಳಗಿಳಿದಿತ್ತು, ನಾನು ಎರಡು.