ಮುಂದೆ ಹಾಕಬೇಕಾದ ಪಟ್ಟಿ

"ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಟ್ಯಾಂಕು ಗಾಡಿಗೆ, ಗಾಡಿ ರಸ್ತೆಗೆ, ನಾನು ಸ್ಟಿಯರಿಂಗಿಗೆ! ಬೇಕಾದ್ರೆ ಬರೆದಿಟ್ಕೋ!" ಎಂದು ಗುಮಾಸ್ತರು ಊಟದ ಮೇಜು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. ಹೆಂಡತಿ ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ. ಬಟ್ಟೆ ತಂದು ಮೇಜು ಒರೆಸಿದರು.

"ನೀವು ಏನಾದ್ರೂ ಮಾಡ್ಕೊಳ್ಳಿ. ಹತ್ತು ಗಂಟೆಗೆ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ. ಅಷ್ಟು ಹೊತ್ತಿಗೆ ಗಾಡಿ ಓಡಿದ್ರೆ ನಮ್ಮದು, ಓಡದಿದ್ರೆ ಅವನದು."

ಗಾಡಿ ಎಂದರೆ ಅಂತಿಂಥ ಗಾಡಿಯಲ್ಲ, ಮೋಟರ್‌ಹೋಮ್! ಒಳಗೆ ಎರಡು ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಆರು ಕಿಟಕಿ ಮತ್ತು ನಲವತ್ತೈದು ವರ್ಷಗಳ ತುಕ್ಕು. ನಿವೃತ್ತರಾದ ವಾರವೇ ಅದನ್ನು ಎಲ್ಲಿಂದಲೋ ಎಳೆಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿ, "ಓಡುವ ಮನೆ ಕಣೇ! ನಿನಗೆ ಸಮುದ್ರ ತೋರಿಸ್ತೀನಿ" ಎಂದಿದ್ದರು. ಆ ಮಾತು ನಂಬಿ, ಹೊಲಿಗೆ ಅಂಗಡಿ ನಡೆಸುವ ಹೆಂಡತಿ ಆರು ಕಿಟಕಿಗೂ ನೀಲಿ ಪರದೆ ಹೊಲಿದುಕೊಟ್ಟರು. ಪರದೆ ಮೂರು ದಿನದಲ್ಲಿ ತಯಾರಾಯಿತು. ಸಮುದ್ರ ಇನ್ನೂ ಬಂದಿರಲಿಲ್ಲ.

ಆದದ್ದಿಷ್ಟೆ. ಡೀಸೆಲ್ ಟ್ಯಾಂಕಿನ ಒಳಗೆಲ್ಲ ತುಕ್ಕು ಎಂದು ಗುಮಾಸ್ತರು ಅದನ್ನು ಬಿಚ್ಚಿಸಿದರು. ವೆಲ್ಡಿಂಗ್ ಅಂಗಡಿಯವನು ಎರಡು ದಿನದಲ್ಲಿ ತೊಳೆದು, ಬೆಸೆದು, ಬಣ್ಣ ಬಳಿದು ಕೊಟ್ಟ. ಅಲ್ಲಿಂದಾಚೆಗೆ ಅದು ಎಂಟು ತಿಂಗಳು ಹಜಾರದಲ್ಲಿ ಬಿದ್ದುಕೊಂಡಿತ್ತು. ಅದರ ಮೇಲೆ ಹೂವಿನ ಕುಂಡವೂ ಬಂದು ಕೂತಿತ್ತು!

ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕೂತು ಅವರು ಬರೆದದ್ದು ಹೆಚ್ಚುಕಡಿಮೆ ಒಂದೇ ವಾಕ್ಯ: 'ಮುಂದೆ ಹಾಕಲಾಗಿದೆ.' ವಕೀಲರಿಗೆ ನೆಗಡಿಯೇ? ಮುಂದೆ ಹಾಕು. ಸಾಕ್ಷಿಗೆ ಮರೆವೇ? ಮುಂದೆ ಹಾಕು. ಅವರು ಮುಂದೆ ಹಾಕಿದ ಕೇಸುಗಳಲ್ಲಿ ವಾದಿ ಪ್ರತಿವಾದಿಗಳು ಮುದುಕರಾಗಿ, ಬೀಗರಾಗಿ, ರಾಜಿಯಾಗಿ ಹೋದರಂತೆ. ಮನೆಯ ಸೋರುವ ನಲ್ಲಿಗೂ ಅವರು ವಾಯಿದೆ ಕೊಡುತ್ತಿದ್ದರು. ನಲ್ಲಿ ಮಾತ್ರ ರಾಜಿಯಾಗಲಿಲ್ಲ.

ಭಾನುವಾರ ಬಂತು. ಗುಮಾಸ್ತರು ಹಳೇ ಪ್ಯಾಂಟು ತೊಟ್ಟು, ಗಾಡಿಯಡಿ ಚಾಪೆ ಹಾಸಿ, ಯುದ್ಧಕ್ಕೆ ಹೊರಟ ಸೇನಾಪತಿಯ ಗತ್ತಿನಲ್ಲಿ ತೆವಳಿದರು. ಹೊಟ್ಟೆ ಒಂದು ಕಡೆ ಸಿಕ್ಕಿಕೊಂಡಿತು. ಹೆಂಡತಿ ಕಾಲಿನಿಂದ ಒತ್ತಿ ಒಳಗೆ ಕಳಿಸಿದರು.

"ರೀ, ಒಬ್ಬ ಮೆಕ್ಯಾನಿಕ್‌ನ ಕರೀಲಾ?"

"ಮೆಕ್ಯಾನಿಕ್ಕಾ! ಎರಡು ಪಟ್ಟಿ, ನಾಲ್ಕು ಬೋಲ್ಟು, ಎರಡು ಪೈಪು. ಇಷ್ಟಕ್ಕೆ ಮೆಕ್ಯಾನಿಕ್ ಬೇಕಾ? ಕೊಲೆ ಕೇಸಿನ ಕಡತ ಕಟ್ಟಿದ ಕೈ ಕಣೇ ಇದು!"

"ಕಟ್ಟಿದ್ದು ದಾರದಲ್ಲಿ ತಾನೇ?"

ಸೇನಾಪತಿ ಇದನ್ನು ಕೇಳಿಸಿಕೊಳ್ಳಲಿಲ್ಲ. ಜಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಟ್ಯಾಂಕು. ಹೆಂಡತಿ ಜಾಕು ತಿರುಗಿಸಿದರು, ಟ್ಯಾಂಕು ಮೇಲೇರಿತು. ಗುಮಾಸ್ತರು ಪೈಪುಗಳನ್ನು ಸಿಕ್ಕಿಸಿದರು. ಬಿಗಿ ಮಾಡುವುದು ಆಮೇಲಾಯಿತು ಎಂದುಕೊಂಡರು. ಟ್ಯಾಂಕನ್ನು ಗಾಡಿಗೆ ತೂಗುಹಾಕುವ ಕಬ್ಬಿಣದ ಪಟ್ಟಿಗಳಲ್ಲಿ ಒಂದನ್ನು ಹಿಂಭಾಗಕ್ಕೆ ಬಿಗಿದರು. ಸೋರುತ್ತದೆಯೇ ನೋಡಲು ಹೆಂಡತಿಯ ಕೈಲಿ ಹತ್ತು ಲೀಟರ್ ಡೀಸೆಲ್ ಹೊಯ್ಯಿಸಿದರು. ಒಂದು ತೊಟ್ಟೂ ಸೋರಲಿಲ್ಲ!

"ಮುಗೀತು! ಜಾಕ್ ಇಳಿಸು!"

"ಇನ್ನೊಂದು ಪಟ್ಟಿ ಇಲ್ಲೇ ಬಿದ್ದಿದೆಯಲ್ಲ?"

"ಟ್ಯಾಂಕು ಬಿಚ್ಚಿಸಿದಾಗ ಅದಕ್ಕೊಂದು ಚೀಟಿ ಕಟ್ಟಿದ್ದೆ. ಏನು ಬರೆದಿದೆ ಓದು."

"'ಮುಂದೆ ಹಾಕಬೇಕು' ಅಂತಿದೆ."

"ಆಯ್ತಲ್ಲ! ಅದನ್ನ ಮುಂದೆ ಹಾಕು. ಈಗ ಬೇಡ. ಬರೋ ವಾರ ನೋಡೋಣ."

ಹೆಂಡತಿ ಚೀಟಿಯನ್ನು ಇನ್ನೊಮ್ಮೆ ಓದಿದರು. "ಮುಂದೆ ಅಂದ್ರೆ ಮುಂಭಾಗಕ್ಕೆ ಅಂತ ಅಲ್ವಾ?"

ಗಾಡಿಯಡಿಯಿಂದ ಒಂದು ತಿರಸ್ಕಾರದ ನಗು ಕೇಳಿತು. "ನನ್ನ ಕೈಬರಹಕ್ಕೆ ನೀನು ಅರ್ಥ ಹೇಳ್ತೀಯಾ? ಮೂವತ್ತೆರಡು ವರ್ಷ ಅದನ್ನೇ ಬರೆದೋನು ನಾನು! ಇಳಿಸು!"

"ಇಳಿಸ್ಲಾ?"

"ಇಳಿಸು ಅಂದ್ನಲ್ಲಾ!"

ಇಳಿಸಿದರು. ಒಂದು ಕ್ಷಣ ಟ್ಯಾಂಕು ಗುಮಾಸ್ತರ ಮೇಲಿನ ಗೌರವಕ್ಕೆ ಸುಮ್ಮನಿತ್ತು. ಮರುಕ್ಷಣ ಅದರ ಮುಂಭಾಗ ದಢಾರನೆ ಕೆಳಗೆ ಬಂದು ಅವರ ಅಂಗಿಯ ಅಂಚನ್ನು ನೆಲಕ್ಕೆ ಒತ್ತಿ ಹಿಡಿಯಿತು. ಬಿಗಿ ಮಾಡದ ಪೈಪು ಕಳಚಿಕೊಂಡಿತು. "ಅಂದ್ನಲ್ಲಾ" ಎಂದು ತೆರೆದ ಬಾಯಿ ಇನ್ನೂ ಮುಚ್ಚಿರಲಿಲ್ಲ. ಡೀಸೆಲ್ ನೇರ ಅಲ್ಲಿಗೇ ಇಳಿಯಿತು!

"ಥೂ! ಥೂ! ಎಳಿಯೇ ನನ್ನ!"

"ಏಟು ಬಿತ್ತೇನ್ರೀ?" ಹೆಂಡತಿ ಗಾಬರಿಯಿಂದ ಬಗ್ಗಿ ನೋಡಿದರು. ಏಟು ಬಿದ್ದಿರಲಿಲ್ಲ. ಗಾಬರಿ ಇಳಿಯಿತು, ಸಿಟ್ಟು ಏರಿತು. "ಎಳೆಯೋಕೆ ನನ್ನ ಕೈಲಾಗಲ್ಲ. ಬರೋ ವಾರ ನೋಡೋಣ!"

ಅಷ್ಟರಲ್ಲಿ ಗುಜರಿಯವನು ಬಂದೇಬಿಟ್ಟ. ಗಂಟೆ ಇನ್ನೂ ಒಂಬತ್ತೂಕಾಲು. ಗಾಡಿಯನ್ನು ಸುತ್ತು ಹಾಕಿದವನು ಅದರಡಿಯಿಂದ ಚಾಚಿಕೊಂಡಿದ್ದ ಎರಡು ಕಾಲುಗಳ ಮುಂದೆ ನಿಂತ.

"ಅಕ್ಕಾ, ಇದೂ ಗಾಡಿ ಜೊತೇಲೇನಾ?"

"ತಗೊಂಡ್ಹೋಗೋದಾದ್ರೆ ನಿಮ್ಮಿಷ್ಟ. ವಾಪಸ್ ತರೋ ಹಾಗಿಲ್ಲ."

ಅವನು ನಕ್ಕು, ಜಾಕು ಏರಿಸಿ, ಕಾಲು ಹಿಡಿದು ಎಳೆದ. ಗುಮಾಸ್ತರು ತಲೆಯಿಂದ ಪಾದದವರೆಗೆ ಡೀಸೆಲ್ ಸುರಿಸುತ್ತ ಹೊರಬಂದು, ಕೈಮುಗಿದು ಹೇಳಿದ್ದೇನು? "ಸ್ವಲ್ಪ ವಾಯಿದೆ ಕೊಡಪ್ಪಾ!"

"ವಾಯಿದೆ ಎಲ್ಲ ಗೊತ್ತಿಲ್ಲ ಯಜಮಾನ್ರೇ. ಗಾಡಿ ಎಳೆಯೋಕೆ ನನ್ನ ಹತ್ರ ಲಾರಿ ಇಲ್ಲ. ಓಡಿಸ್ಕೊಂಡೇ ಹೋಗ್ಬೇಕು" ಎಂದು ಅವನು ತಾನೇ ಕೆಳಗೆ ತೂರಿದ. ಬಿದ್ದಿದ್ದ ಪಟ್ಟಿ ಎತ್ತಿ ಚೀಟಿ ಓದಿದ. "'ಮುಂದೆ ಹಾಕಬೇಕು'. ಭೇಷ್! ಯಾರೋ ಬುದ್ಧಿವಂತರು ಸರಿಯಾಗಿ ಬರೆದಿಟ್ಟಿದ್ದಾರೆ!" ಎಂದು ಅದನ್ನು ಮುಂಭಾಗಕ್ಕೆ ಬಿಗಿದ. ಆ ಬುದ್ಧಿವಂತರು ಆಕಾಶ ನೋಡುತ್ತ ನಿಂತಿದ್ದರು.

ಪೈಪು ಬಿಗಿಯಾಯಿತು. ಮತ್ತೆ ಡೀಸೆಲ್ ಬಿತ್ತು. ಗುಜರಿಯವನು ಕೈಪಂಪು ಒತ್ತಿ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು ಕೀಲಿ ತಿರುಗಿಸಿದ. ಗಾಡಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಗುಡುಗಿತು, ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂತು! ಆರು ನೀಲಿ ಪರದೆಗಳೂ ಹಾರಾಡಿದವು. ನೋಡಿ ಹೆಂಡತಿಯ ಕಣ್ಣು ತುಂಬಿತು. ಗಾಡಿ ಕೊಡಲು ಅವರಿಗೂ ಮನಸ್ಸಿರಲಿಲ್ಲ.

ಗುಮಾಸ್ತರಿಗೆ ಎಲ್ಲಿಂದಲೋ ಜೀವ ಬಂತು. "ಗಂಟೆ ನೋಡು! ಒಂಬತ್ತೂ ಐವತ್ತು! ಹತ್ತರೊಳಗೆ ಓಡಿದ್ರೆ ನಮ್ಮದು ಅಂತ ನೀನೇ ಅಂದಿದ್ದೆ. ಯಾರು ಓಡಿಸ್ಬೇಕು ಅಂತ ಷರತ್ತಿನಲ್ಲಿ ಇರ್ಲಿಲ್ಲ! ಕೇಸ್ ನಾನೇ ಗೆದ್ದೆ!"

"ಹೌದು, ಹಾಗೆ ಅಂದಿದ್ದೆ" ಎಂದು ಹೆಂಡತಿ ಕಣ್ಣೊರೆಸಿಕೊಂಡರು. "ಗಾಡಿ ನಮ್ಮದೇ."

ಗುಮಾಸ್ತರು ಡೀಸೆಲ್ ಮೀಸೆ ತಿರುವಿದರು. ಗುಜರಿಯವನ ಮುಖ ಬಾಡಿತು. "ಹಾಗಾದ್ರೆ ನಾನು ಬರಿಗೈಲಿ ಹೋಗ್ಲಾ ಅಕ್ಕಾ?"

"ಯಾಕೆ ಹೋಗ್ತೀರಿ? ಇರಿ." ಹೆಂಡತಿ ನೆಲದ ಮೇಲೆ ಹರಡಿದ್ದ ಸ್ಪಾನರು, ಇಕ್ಕಳ, ಸುತ್ತಿಗೆ ಎಲ್ಲವನ್ನೂ ಬಕೆಟ್ಟಿಗೆ ತುಂಬಿ, ಮೇಲೆ ಜಾಕನ್ನೂ ಇಟ್ಟು ಅವನ ಕೈಗೆ ಕೊಟ್ಟರು.

"ಅಯ್ಯೋ, ಎಲ್ಲ ಹೊಸದು! ಒಂಚೂರೂ ಸವೆದಿಲ್ಲ!" ಎಂದ ಅವನು.

"ಏ! ಅದು ನನ್ನ ಸಾಮಾನು ಕಣೇ!" ಗುಮಾಸ್ತರು ಹೌಹಾರಿದರು. "ಸಮುದ್ರಕ್ಕೆ ಹೋಗೋ ದಾರೀಲಿ ಗಾಡಿ ಕೆಟ್ರೆ?"

"ಕೆಡಬಾರ್ದು ಅಂತಾನೇ ಕೊಟ್ಟು ಕಳಿಸ್ತಿರೋದು."