ಮೂರನೆಯ ಕಾಲಂನಲ್ಲಿ ನನ್ನ ಹೆಸರು

ತಪ್ಪು ಯಾರದು ಎಂದು ಕೇಳುವುದರಲ್ಲಿ ನನಗಿರುವ ಚುರುಕು ಉತ್ತರ ಹುಡುಕುವುದರಲ್ಲಿ ಇಲ್ಲ. ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ಸ್ಕೂಟರಿನ ಕೀ ಕಾಣದಿದ್ದರೆ ಸಾಕು, "ಯಾರು ತೆಗೆದಿದ್ದು?" ಎಂದು ಮನೆಯೆಲ್ಲ ರಂಪ ಮಾಡುತ್ತೇನೆ. ಹೆಂಡತಿ ಸುಮಿತ್ರೆ ಒಗ್ಗರಣೆಯಿಂದ ತಲೆಯೆತ್ತದೆ, "ಮೊದ್ಲು ನಿಮ್ಮ ಜೇಬು ನೋಡ್ಕೊಳ್ರೀ" ಎನ್ನುತ್ತಾಳೆ. ಕೀ ಅಲ್ಲೇ ಇರುತ್ತದೆ. ಇಂಥ ಆಸಾಮಿಗೆ ಆಫೀಸಿನವರು ಕೊಟ್ಟ ಕೆಲಸವಾದರೂ ಎಂಥದು ನೋಡಿ.

ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಗಿಂಡಿಯ ನಮ್ಮ ಕಂಪನಿ ವೆಬ್ ಅಪ್ಲಿಕೇಶನ್ ಕಟ್ಟಲು ಒಂದು ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು, ಮಾಡಿತ್ತು. ಅದರ ಸೆಟ್ಟಿಂಗುಗಳು ಒಬ್ಬೊಬ್ಬರ ಹೆಸರಿನ ನಾಲ್ಕಾರು ಫೈಲುಗಳಲ್ಲಿ ಹಂಚಿಹೋಗಿ, ಒಂದರಲ್ಲಿ ಬರೆದದ್ದನ್ನು ಇನ್ನೊಂದು ತಳ್ಳಿಹಾಕುತ್ತಿತ್ತು. ಕಡೆಗೆ ಯಾರ ಮಾತು ನಡೆಯುತ್ತಿದೆ ಎಂದು ತೋರಿಸಲು ಒಂದು ಪುಟವಿತ್ತು. ಮೊದಲ ಕಾಲಂನಲ್ಲಿ ಸೆಟ್ಟಿಂಗಿನ ಹೆಸರು, ಎರಡನೆಯದರಲ್ಲಿ ಈಗ ಇಟ್ಟಿರುವುದೆಷ್ಟು, ಮೂರನೆಯದರಲ್ಲಿ ಅದನ್ನು ಇಟ್ಟದ್ದು ಯಾರ ಫೈಲು. ಆ ಪುಟದ ಮ್ಯಾನ್ಯುಯಲ್ ಬರೆಯುವುದು ನನ್ನ ಪಾಲಿಗೆ ಬಂತು. ಮೊದಲ ವಾಕ್ಯವನ್ನೇ ದಪ್ಪ ಅಕ್ಷರದಲ್ಲಿ ಬರೆದೆ: "ಯಾರನ್ನಾದರೂ ದೂರುವ ಮುನ್ನ ಈ ಪುಟ ತೆರೆದು ನೋಡಿ." ಬರೆದು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಂದು ಶುಕ್ರವಾರ ಗಿರಾಕಿಗಳು ಡೆಮೋ ನೋಡಲು ಬಂದರು. ಇಪ್ಪತ್ತು ಹೆಸರು ಕಾಣಬೇಕಾದ ಪಟ್ಟಿಯಲ್ಲಿ ಮೂರೇ ಮೂರು! ಅವರು ಮುಖ ಮುಖ ನೋಡಿಕೊಂಡು ಹೋದದ್ದೇ ತಡ, ಮ್ಯಾನೇಜರ್ ರಾಘವನ್ ಕೆಂಡವಾದರು. ಆ ಪಟ್ಟಿಯ ಪ್ರೋಗ್ರಾಂ ಬರೆದವಳು ವನಜಾ. ತಮಿಳರ ನಡುವೆ ಕೋಡಂಬಾಕ್ಕಂನಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳು. ಅವಳನ್ನು ಕಾಯಂ ಮಾಡುವ ಕಾಗದಕ್ಕೆ ರಾಘವನ್ ಅಂದೇ ಸಹಿ ಹಾಕಬೇಕಿತ್ತು.

"ಯಾರ ಕೆಲಸ ಇದು?" ಎಂದು ಅವರು ಕೇಳಿ ಮುಗಿಸುವಷ್ಟರಲ್ಲಿ, "ಇನ್ಯಾರದು ಸಾರ್, ವನಜಾಳದೇ" ಎಂದುಬಿಟ್ಟೆ. ನನ್ನ ನಾಲಿಗೆಗೆ ಎಲುಬಿಲ್ಲ.

"ಅಯ್ಯೋ ಸಾರ್, ಸತ್ಯಮಾ ನಾನು ಆ ಸಾಲಿನ ಲೆಕ್ಕಕ್ಕೆ ಕೈಯೇ ಹಾಕಿಲ್ಲ!" ಎಂದಳು ಅಲ್ಲೇ ಇದ್ದ ವನಜಾ. ಕಣ್ಣು ತುಂಬಿತ್ತು. ಆದರೂ ಹುಡುಗಿ ಗಟ್ಟಿ. ನನ್ನ ಮ್ಯಾನ್ಯುಯಲ್ಲನ್ನೇ ಮಡಿಲಲ್ಲಿಟ್ಟುಕೊಂಡು, ಅದರಲ್ಲಿ ಹೇಳಿದಂತೆ ಒಂದೊಂದೇ ಹೆಜ್ಜೆಯಾಗಿ ಆ ಪುಟ ತೆರೆದಳು. ಪಟ್ಟಿಯ ಸಾಲುಗಳು: ಮೂರು. ಮೂರನೆಯ ಕಾಲಂನಲ್ಲಿ ಸ್ಪಷ್ಟವಾಗಿ ನನ್ನ ಹೆಸರಿನ ಫೈಲು.

ಆಗ ನೆನಪಾಯಿತು. ಮ್ಯಾನ್ಯುಯಲ್ಲಿಗೆ ಚಿತ್ರ ತೆಗೆಯಲು ನಾನು ಡೆಮೋ ಕಂಪ್ಯೂಟರಿನಲ್ಲೇ ಕೂತಿದ್ದೆ, ಅದರ ಪರದೆ ದೊಡ್ಡದೆಂದು. ಇಪ್ಪತ್ತು ಸಾಲಿನ ಪಟ್ಟಿಯ ಚಿತ್ರ ಮ್ಯಾನ್ಯುಯಲ್ಲಿನ ಪುಟದಲ್ಲಿ ಹಿಡಿಸಲಿಲ್ಲ. ನನ್ನ ಫೈಲಿನಲ್ಲಿ ಸಾಲುಗಳನ್ನು ಮೂರಕ್ಕೆ ಇಳಿಸಿ, ಚಿತ್ರ ತೆಗೆದು, ಕಾಫಿಗೆ ಎದ್ದು ಹೋದವನು ಹಾಗೇ ಮರೆತಿದ್ದೆ.

ಭೂಮಿ ಬಾಯಿಬಿಡಬಾರದೇ ಎನಿಸಿತು. "ತಪ್ಪು ನಂದು ಸಾರ್" ಎಂದೆ. ವನಜಾಳ ಮುಖ ನೋಡುವ ಧೈರ್ಯವಾಗಲಿಲ್ಲ. ರಾಘವನ್ ಅವಳ ಕಾಗದ ಎಳೆದು ಸಹಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮ್ಯಾನ್ಯುಯಲ್ ಬಹಳ ಚೆನ್ನಾಗಿದೆ. ಒಂದ್ಸಲ ಓದಿ" ಎಂದರು.

ಸೋಮವಾರ ವನಜಾ ಮೈಸೂರ್‌ಪಾಕ್ ಹಂಚಿದಳು. ನನಗೆ ಎರಡು ತುಂಡು ಕೊಟ್ಟಳು. ಮ್ಯಾನ್ಯುಯಲ್ಲಿನ ಮುಂದಿನ ಆವೃತ್ತಿಗೆ ಸೆಟ್ಟಿಂಗುಗಳ ಆ ಪುಟದ ಚಿತ್ರವನ್ನು ಅವಳೇ ತೆಗೆದುಕೊಟ್ಟಳು. ದಪ್ಪ ಅಕ್ಷರದ ನನ್ನ ಉಪದೇಶ, ಅದರ ಕೆಳಗೆ ಉದಾಹರಣೆಯಾಗಿ, ಮೂರನೆಯ ಕಾಲಂನಲ್ಲಿ, ನನ್ನ ಹೆಸರು. ಚಿತ್ರ ಮಾತ್ರ ಪುಟದಲ್ಲಿ ಅಚ್ಚುಕಟ್ಟಾಗಿ ಹಿಡಿಸಿತ್ತು.